ಮೂವತ್ತೊಂದನೆಯ ಬುಡ

ಶನಿವಾರ ಬಂತೆಂದರೆ ಗಿಜೆಲ್ಲಾ ಎರಡೇ ಎರಡು ಮಾತನ್ನು ಎಷ್ಟು ಸಲ ಹೇಳುತ್ತಾಳೆಂದರೆ, ಮಧ್ಯಾಹ್ನದ ಹೊತ್ತಿಗೆ ಅವಳ ಬಾಯಿ ತನ್ನ ಪಾಡಿಗೆ ತಾನು ಹೇಳಿಕೊಂಡು ಹೋಗುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಎಲ್ಲಾನೂ ತನ್ನಿ. ಬುಡ ಸಮೇತ ತನ್ನಿ.

ಮಾರುಕಟ್ಟೆಯ ಹಿಂಬದಿಯಲ್ಲಿ, ಹುಳಿ ಎಲೆಕೋಸಿನ ಪೀಪಾಯಿಗಳ ಪಕ್ಕ ಅವಳದೊಂದು ಪುಟ್ಟ ಕೋಣೆ. ಕಾಡಿನಲ್ಲಿ ಅಣಬೆ ಆಯ್ದವರು ಬುಟ್ಟಿಯನ್ನು ಅವಳ ಮೇಜಿನ ಮೇಲೆ ಸುರಿಯಬೇಕು. ಅವಳು ಒಂದೊಂದನ್ನೂ ತಿರುಗಿಸಿ, ಮುರಿದು, ಮೂಸಿ, ತಿನ್ನಬಹುದಾದ್ದನ್ನು ಒಂದು ಕಡೆ ಇಟ್ಟು, ತಿನ್ನಬಾರದ್ದನ್ನು ಕಾಲಬಳಿಯ ಬಕೆಟ್ಟಿಗೆ ಹಾಕಿ, ಚೀಟಿ ಬರೆದು ಮೊಹರು ಒತ್ತಿ ಕೊಡುತ್ತಾಳೆ. ಕಾಸು ಕೊಡಬೇಕಾಗಿಲ್ಲ. ಊರಿನ ಆಡಳಿತ ಅವಳನ್ನು ಕೂರಿಸಿರುವುದೇ ಅದಕ್ಕೆ, ಇಪ್ಪತ್ತೆರಡು ವರ್ಷದಿಂದ. ಆದರೂ ಜನ ಬುಟ್ಟಿ ತುಂಬ ಆಯ್ದು, ಮೇಲಿನ ಐದಾರನ್ನು ಕರವಸ್ತ್ರದಲ್ಲಿ ಕಟ್ಟಿ ತರುತ್ತಾರೆ. ಮಿಕ್ಕಿದ್ದೆಲ್ಲಿ ಅಂದರೆ ಮನೆಯಲ್ಲಿದೆ, ಅದೇ ಜಾಗದ್ದು, ಇದೇ ಜಾತಿಯದು ಅನ್ನುತ್ತಾರೆ. ಅದೇ ಜಾಗದ್ದು ಅಂತ ಅಣಬೆ ಹೇಳಿತೇ ಅಂತ ಗಿಜೆಲ್ಲಾ ಕೇಳುತ್ತಾಳೆ. ಅವರು ನಗುತ್ತಾರೆ. ಅವಳು ನಗುವುದಿಲ್ಲ.

ಎಂಟು ವರ್ಷದ ಹಿಂದೆ ಅಂಚೆಯವನೊಬ್ಬ ಹೀಗೆಯೇ ಆರು ಅಣಬೆ ತಂದಿದ್ದ. ಆರೂ ಚೆನ್ನಾಗಿದ್ದವು. ಆರಕ್ಕೆ ಅಂತ ಚೀಟಿಯಲ್ಲಿ ಬರೆದು ಮೊಹರು ಒತ್ತಿದ್ದಳು. ಅವನ ಮನೆಯಲ್ಲಿ ಇನ್ನೂ ಒಂದು ಬೋಗುಣಿ ಇತ್ತು. ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು, ಒಬ್ಬಳು ವಾಪಸು ಬಂದಳು. ಗಿಜೆಲ್ಲಾಳ ತಪ್ಪಿಲ್ಲ ಅಂತ ವಿಚಾರಣೆಯಲ್ಲಿ ಬರೆದರು. ಆ ಬರಹ ಅವಳ ಮೇಜಿನ ಡ್ರಾಯರಿನಲ್ಲಿ ಇವತ್ತಿಗೂ ಇದೆ. ಅದನ್ನು ಓದಿ ಅವಳಿಗೆ ಒಂದು ದಿನವೂ ಸಮಾಧಾನವಾಗಲಿಲ್ಲ.

ಆ ಶನಿವಾರ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಅವಳ ಅಕ್ಕನ ಗಂಡ ವೆಂಡೆಲ್ ಬಂದು ಬಾಗಿಲಿಗೆ ಒರಗಿ ನಿಂತ. ಎಪ್ಪತ್ತೆರಡರ ಮನುಷ್ಯ, ಹಿಂದೆ ಪೀಪಾಯಿ ಮಾಡುತ್ತಿದ್ದವನು, ತೋಳು ಇನ್ನೂ ಗಟ್ಟಿ. ಕೈಯಲ್ಲಿ ಹುಳಿ ಕೆನೆಯ ದೊಡ್ಡ ಡಬ್ಬಿ. ಮಾರನೆಯ ದಿನ ಅವನ ಹೆಸರಿನ ಸಂತನ ದಿನ, ಅಲ್ಲಿ ಅದು ಹುಟ್ಟುಹಬ್ಬದಷ್ಟೇ ದೊಡ್ಡದು, ಮನೆಯಲ್ಲಿ ಊಟ. ಮೊಮ್ಮಗಳು ಕಿಂಗಾ ಗಂಡನ ಜೊತೆ ಬರುತ್ತಾಳೆ, ಅವಳಿಗೆ ಏಳು ತಿಂಗಳು. ಇಷ್ಟು ಕೆನೆ ಯಾತಕ್ಕೆ ಅಂತ ಗಿಜೆಲ್ಲಾ ಕೇಳಿದಳು. ಕೇಳುವಾಗಲೇ ಉತ್ತರ ಅವಳಿಗೆ ಗೊತ್ತಾಯಿತು.

"ಅಣಬೆ ಪಾಪ್ರಿಕಾಶ್ ಮಾಡ್ಬೇಕಲ್ಲ. ಬೆಳಿಗ್ಗೆ ಹೋಗಿದ್ದೆ. ಮೂವತ್ತೊಂದು ಸಿಕ್ತು, ಒಂದೊಂದೂ ಅಂಗೈ ಅಗಲ. ಹಸಿರು ಪಾರಿವಾಳ."

ಹಸಿರು ಪಾರಿವಾಳ ಅಂದರೆ ಆ ಕಡೆಯ ಒಳ್ಳೆಯ ಅಣಬೆ, ಹಸಿರು ಟೊಪ್ಪಿಯದು. ಕೊಲೆಗಾರ ಅಂತ ಇನ್ನೊಂದಿದೆ, ಅದಕ್ಕೂ ಹಸಿರು ಟೊಪ್ಪಿಯೇ. ಎರಡೂ ಒಂದೇ ಓಕ್ ಮರದ ಕೆಳಗೆ ಅಕ್ಕಪಕ್ಕದ ಮನೆಯವರ ಹಾಗೆ ಇರುತ್ತವೆ. ಕೊಲೆಗಾರನ ಬುಡಕ್ಕೆ ಒಂದು ಬಿಳಿಯ ಚೀಲವಿರುತ್ತದೆ, ಅದನ್ನು ಅಲ್ಲಿನವರು ಜೋಡು ಅನ್ನುತ್ತಾರೆ. ಪಾರಿವಾಳದ್ದು ಬರಿಗಾಲು. ಆ ಜೋಡು ಮಣ್ಣಿನೊಳಗಿರುತ್ತದೆ, ಅದಕ್ಕೇ ಬುಡ ಸಮೇತ ಕೀಳಬೇಕು. ವೆಂಡೆಲ್ ಕೀಳುವುದಿಲ್ಲ. ಚಾಕುವಿನಿಂದ ಟೊಪ್ಪಿಯ ಕೆಳಗೇ ಕೊಯ್ಯುತ್ತಾನೆ, ಕಾಂಡ ಬೇಯುವುದಿಲ್ಲ ಅಂತ. ಆಮೇಲೆ ಕಾಡಿನ ಅಂಚಿನಲ್ಲೇ ಕೂತು ಟೊಪ್ಪಿಯ ಸಿಪ್ಪೆ ಸುಲಿಯುತ್ತಾನೆ, ಅಡುಗೆಮನೆ ಗಲೀಜಾಗಬಾರದು ಅಂತ. ಮನೆಗೆ ಬರುವಾಗ ಅವು ಬೆಳ್ಳಗೆ ಬತ್ತಲೆ, ಯಾವುದು ಯಾರ ಮಗು ಅಂತ ಹೇಳುವುದೇ ಕಷ್ಟ.

ತಂದು ತೋರಿಸಿ ಅಂದಳು. ಬಗೆಬಗೆಯಾಗಿ ಹೇಳಿದಳು. ಅವನು ಐವತ್ತು ವರ್ಷದ ಲೆಕ್ಕ ತೆಗೆದ, ತನ್ನ ಮನೆಯಲ್ಲಿ ಯಾರೂ ಸತ್ತಿಲ್ಲ ಅಂದ, ಅಜ್ಜಿಯ ಬೆಳ್ಳಿ ಚಮಚದ ಕಥೆ ಹೇಳಿದ. ಕುದಿಯುವ ಪಾತ್ರೆಯಲ್ಲಿ ಆ ಚಮಚ ಆಡಿಸುತ್ತಾನೆ, ವಿಷವಿದ್ದರೆ ಬೆಳ್ಳಿ ಕಪ್ಪಾಗಬೇಕಂತೆ. ಕೊಲೆಗಾರನನ್ನು ಬೇಯಿಸಿದರೂ ಅದು ಕಪ್ಪಾಗುವುದಿಲ್ಲ, ನಾನೇ ಮಾಡಿ ನೋಡಿದ್ದೇನೆ ಅಂತ ಅವಳು ಹದಿನೈದು ವರ್ಷದಿಂದ ಹೇಳುತ್ತಲೇ ಇದ್ದಾಳೆ.

"ಹಾಗಾದ್ರೆ ನನ್ನ ಅಣಬೆ ವಿಷ ಅಂತೀಯಾ?" ಅಂದ.

"ಅನ್ನಲ್ಲ ಭಾವ. ನನಗೆ ಗೊತ್ತಿಲ್ಲ ಅಂತೀನಿ."

"ನೋಡು ಮತ್ತೆ. ನಿನಗೆ ಗೊತ್ತಿಲ್ಲ. ನನಗೆ ಗೊತ್ತು."

ಇದು ಅವಳ ಇಪ್ಪತ್ತೆರಡು ವರ್ಷದ ಪಾಡು. ಗೊತ್ತಿಲ್ಲದವನು ಗೊತ್ತು ಅನ್ನುತ್ತಾನೆ, ಅವನ ದನಿ ಗಟ್ಟಿ. ಗೊತ್ತಿದ್ದವಳು ಇದು ಮಾತ್ರ ಗೊತ್ತಿಲ್ಲ ಅನ್ನುತ್ತಾಳೆ, ಕೇಳುವವರಿಗೆ ಅವಳೇ ದಡ್ಡಿ. ವೆಂಡೆಲ್ ಹೋಗುವಾಗ ಸಾಲಿನಲ್ಲಿ ಉಳಿದಿದ್ದ ಇಬ್ಬರನ್ನು ಗಲ್ಲ ಎತ್ತಿ ತೋರಿಸಿದ. ಇವರೆಲ್ಲ ನಿನ್ನ ಮೊಹರು ನೋಡಿ ಕಣ್ಣು ಮುಚ್ಚಿ ನುಂಗ್ತಾರೆ, ಅಣಬೆ ಕಡೆ ತಿರುಗಿಯೂ ನೋಡಲ್ಲ, ಇವರದ್ದು ನಂಬಿಕೆ ಅಲ್ಲದೆ ಮತ್ತೇನು, ನನ್ನ ಚಮಚಕ್ಕೂ ನಿನ್ನ ಮೊಹರಿಗೂ ಏನು ವ್ಯತ್ಯಾಸ ಅಂತ ಕೇಳಿದ. ಕೆನೆ ಬೆಚ್ಚಗಾಗುತ್ತೆ ಅಂತ ಅವನು ಹೊರಟೇ ಹೋದ.

ಭಾನುವಾರ ಅವಳು ಪೂಜೆಗೆ ಚರ್ಚಿಗೆ ಹೋದಳು, ಪ್ರತಿ ವಾರದಂತೆ. ದೇವರ ಹತ್ತಿರ ಅವಳಿಗೆ ಜಗಳವಿಲ್ಲ. ನಿನ್ನ ಬುಟ್ಟಿ ಬಿಚ್ಚಿ ತೋರಿಸು ಅಂತ ಅವಳು ದೇವರನ್ನು ಯಾವತ್ತೂ ಕೇಳಿದವಳಲ್ಲ. ತಾಯಿ ಸತ್ತಾಗ, ಗಂಡ ಬಿಟ್ಟು ಹೋದಾಗ, ಅಂಚೆಯವನನ್ನು ಮಣ್ಣು ಮಾಡಿದ ದಿನ ಅದೇ ಬೆಂಚಿನ ಮೇಲೆ ಕೂತು ಎದ್ದಿದ್ದಾಳೆ. ಆದರೆ ಆವತ್ತು ಪಾದ್ರಿ ಏನು ಹೇಳಿದರೋ ಅವಳ ಕಿವಿಗೆ ಬೀಳಲಿಲ್ಲ. ವ್ಯತ್ಯಾಸ ಏನು ಅನ್ನುವುದು ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತಿತ್ತು. ಕೊನೆಯ ಹಾಡಿಗೆ ಎಲ್ಲರೂ ಎದ್ದಾಗ ಅವಳಿಗೆ ಹೊಳೆಯಿತು. ಕಾಂಡ ಕೊಯ್ದರೆ ಬುಡ ಎಲ್ಲಿ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಕಾಡಿನಲ್ಲೇ ಇರುತ್ತದೆ.

ಹಾಡು ಮುಗಿಯುವ ಮೊದಲೇ ಹೊರಟು ಅಕ್ಕನ ಮನೆಗೆ ಬಂದಳು. ಹತ್ತೂವರೆ. ಪಾಪ್ರಿಕಾಶ್ ಪಾತ್ರೆ ಒಲೆಯ ಮೇಲಿತ್ತು. ಈರುಳ್ಳಿ, ಕೆಂಪು ಮೆಣಸಿನ ಪುಡಿ, ಹೆಚ್ಚಿದ ಅಣಬೆ ಎಲ್ಲ ಒಂದಾಗಿ ಬೆಂದಿದ್ದವು, ಇನ್ನು ಕೆನೆ ಹಾಕುವುದಷ್ಟೇ ಬಾಕಿ. ವಾಸನೆಗೆ ಅವಳ ಬಾಯಲ್ಲೂ ನೀರೂರಿತು, ಅದು ಅವಳಿಗೆ ಇನ್ನೂ ಸಿಟ್ಟು ತರಿಸಿತು. ಅಕ್ಕ ಎತೆಲ್ಕಾ ಕೋಳಿಯನ್ನು ಓವನ್ನಿಗೆ ಇಡುತ್ತಿದ್ದಳು. ತಂಗಿಯ ಮುಖ ನೋಡಿದವಳೇ, ಇವತ್ತು ಬೇಡ ಗಿಜಿ, ಅವರ ಹಬ್ಬ ಅಂದಳು. ನಲವತ್ತಾರು ವರ್ಷ ಅವರು ತಂದದ್ದನ್ನೇ ಬೇಯಿಸಿದ್ದೇನೆ, ಇವತ್ತು ನಂಬಲ್ಲ ಅಂದರೆ ಅವರ ಮುಖ ಹೇಗೆ ನೋಡಲಿ ಅಂದಳು. ಅದು ಅಣಬೆಯ ಮಾತಲ್ಲ, ಸಂಸಾರದ ಮಾತು. ಸಂಸಾರದ ಮಾತಿಗೆ ಗಿಜೆಲ್ಲಾಳ ಹತ್ತಿರ ಯಾವ ಮೊಹರೂ ಇರಲಿಲ್ಲ.

ಅವಳು ವೆಂಡೆಲ್‌ನ ಮುಂದೆ ಹೋಗಿ ನಿಂತಳು.

"ನಿನ್ನೆ ಕೇಳಿದ್ರಲ್ಲ ಭಾವ, ಏನು ವ್ಯತ್ಯಾಸ ಅಂತ. ನಾನು ಹೇಳಿದ್ದನ್ನ ಯಾರು ಬೇಕಾದ್ರೂ ಹೋಗಿ ನೋಡಬಹುದು. ನೋಡದೆ ಇರಬಹುದು, ಅದು ಅವರಿಷ್ಟ. ಆದ್ರೆ ನೋಡೋಕೆ ಒಂದು ಜಾಗ ಇದೆ. ನಿಮ್ಮ ಮೂವತ್ತೊಂದು ಬುಡ ಅಲ್ಲೇ ಮಣ್ಣಲ್ಲಿದೆ. ನಡೀರಿ, ನೋಡೋಣ. ಎಲ್ಲಾ ಬರಿಗಾಲಾದ್ರೆ ಮೊದಲ ತಟ್ಟೆ ನನಗೇ ಹಾಕಿ."

ವೆಂಡೆಲ್‌ನ ಮುಖ ಬಿಳಿಚಿಕೊಂಡಿತು. ವಿಷದ ಮಾತಿಗೆ ಅಲ್ಲ. ಅವನ ಅಣಬೆಯ ಜಾಗ ಅವನ ಅಪ್ಪ ಸಾಯುವ ಮುನ್ನ ಕಿವಿಯಲ್ಲಿ ಹೇಳಿದ್ದು. ಹೆಂಡತಿಗೆ ಗೊತ್ತಿಲ್ಲ, ಮಗನಿಗೆ ಗೊತ್ತಿಲ್ಲ. ಆ ಊರಿನಲ್ಲಿ ಗಂಡಸರು ಪಾದ್ರಿಗೆ ಪಾಪವನ್ನೆಲ್ಲ ಹೇಳಿಕೊಂಡಾರು, ಅಣಬೆಯ ಜಾಗ ಹೇಳುವುದಿಲ್ಲ. ಅವನು ಆಗಲ್ಲ ಅಂದ. ಹಾಗಾದರೆ ನಾನು ಮೇಜಿನ ಹತ್ತಿರ ನಿಂತು ಕಿಂಗಾಳಿಗೆ ಎಲ್ಲಾ ಹೇಳುತ್ತೇನೆ ಅಂದಳು ಗಿಜೆಲ್ಲಾ. ಅರ್ಧ ಗಂಟೆ ಎಳೆದಾಡಿದ ಮೇಲೆ ಅವನು ಒಪ್ಪಿದ, ಒಂದು ಷರತ್ತಿನ ಮೇಲೆ. ದ್ರಾಕ್ಷಿ ತೋಟ ದಾಟಿದ ಮೇಲೆ ಅವಳ ಕಣ್ಣು ಕಟ್ಟಬೇಕು.

ಹೀಗಾಗಿ ಐವತ್ತೊಂಬತ್ತು ವರ್ಷದ ಸರ್ಕಾರಿ ಅಣಬೆ ಪರೀಕ್ಷಕಿ, ಚರ್ಚಿಗೆ ಹಾಕಿಕೊಂಡ ಷೂಗಳಲ್ಲೇ, ಅಕ್ಕನ ತಲೆವಸ್ತ್ರ ಕಣ್ಣಿಗೆ ಕಟ್ಟಿಸಿಕೊಂಡು, ಭಾವನ ಮೊಣಕೈ ಹಿಡಿದು ಕಾಡಿನಲ್ಲಿ ತಡವರಿಸಿಕೊಂಡು ಹೋದಳು. ಅವನು ಬೇಕೆಂದೇ ಎರಡು ಸುತ್ತು ಹೆಚ್ಚಿಗೆ ತಿರುಗಿಸಿದ. ಅದು ಅವಳಿಗೆ ಬಿಸಿಲು ಕೆನ್ನೆಯಿಂದ ಕೆನ್ನೆಗೆ ಹೋದದ್ದರಿಂದಲೇ ಗೊತ್ತಾಯಿತು. ಬೇರಿದೆ, ಕಾಲೆತ್ತು ಅನ್ನುತ್ತಿದ್ದ. ಎತ್ತುತ್ತಿದ್ದಳು.

"ಈಗ ನಂಬ್ತಿದ್ದೀಯಲ್ಲ, ನೋಡದೇನೆ," ಅಂದ. ಅವನ ದನಿಯಲ್ಲಿ ಹಬ್ಬದ ಕಳೆ ಮತ್ತೆ ಬಂದಿತ್ತು.

"ಹೌದು. ನೀವು ಸುಳ್ಳು ಹೇಳಿದ್ರೆ ತಕ್ಷಣ ನನ್ನ ಮೂಗು ಒಡೆಯುತ್ತೆ, ಗೊತ್ತಾಗುತ್ತೆ. ಕೊಲೆಗಾರ ಹಾಗಲ್ಲ ಭಾವ. ತಿಂದ ದಿನ ರುಚಿಯಾಗಿರುತ್ತೆ, ಮಾರನೇ ದಿನ ಹೇಳುತ್ತೆ. ಆಗ ಕಾಲೆತ್ತೋಕೆ ಹೊತ್ತಿರಲ್ಲ."

ಕಣ್ಣಿನ ಬಟ್ಟೆ ಬಿಚ್ಚಿದಾಗ ಅವಳು ಓಕ್ ಮರಗಳ ನಡುವಿನ ಒಂದು ಇಳಿಜಾರಿನಲ್ಲಿದ್ದಳು. ಅದು ಯಾವ ಜಾಗ ಅಂತ ಅವಳಿಗೆ ಕೂಡಲೇ ಗೊತ್ತಾಯಿತು. ಹಳೆಯ ಸುಣ್ಣದ ಗೂಡಿನ ಹಿಂದೆ, ಊರಿನ ಅರ್ಧ ಜನ ಅಣಬೆ ಆಯುವ ಜಾಗ. ಪ್ರತಿಯೊಬ್ಬರೂ ತನ್ನೊಬ್ಬನದೇ ಗುಟ್ಟು ಅಂದುಕೊಂಡಿದ್ದಾರೆ. ಅದನ್ನು ಮಾತ್ರ ಅವಳು ಹೇಳಲಿಲ್ಲ. ಎಪ್ಪತ್ತೆರಡು ವರ್ಷದವನಿಂದ ಒಂದೇ ದಿನ ಎಷ್ಟು ಕಿತ್ತುಕೊಳ್ಳುವುದು.

ಇಬ್ಬರೂ ಮಂಡಿಯೂರಿ ಹುಡುಕಿದರು. ಚಾಕು ಆಡಿದ ಕಾಂಡಗಳು ತರಗೆಲೆಯ ನಡುವೆ ಮುರಿದ ಮೇಣದ ಬತ್ತಿಯ ಹಾಗೆ ಕಾಣುತ್ತಿದ್ದವು. ಅವಳು ಬೆರಳಿನಿಂದ ಸುತ್ತ ಮಣ್ಣು ಬಿಡಿಸಿ, ಒಂದೊಂದನ್ನೂ ಬುಡದಿಂದ ಎತ್ತಿ, ಸೀಮೆಸುಣ್ಣದಂತೆ ಲಟಕ್ಕನೆ ಮುರಿಯುವುದನ್ನು ನೋಡಿ, ತಲೆವಸ್ತ್ರದ ಮೇಲೆ ಸಾಲಾಗಿ ಇಟ್ಟಳು. ಬರಿಗಾಲು. ಬರಿಗಾಲು. ಹತ್ತು ಆಗುವಾಗ ವೆಂಡೆಲ್ ಸಿಳ್ಳೆ ಹಾಕತೊಡಗಿದ. ಇಪ್ಪತ್ತಕ್ಕೆ ಅವಳಿಗೂ ಎದೆ ಹಗುರಾಯಿತು, ಸತ್ಯ ಹೇಳಬೇಕೆಂದರೆ ಹಸಿವೂ ಆಯಿತು. ಮೂವತ್ತು ಬರಿಗಾಲು ಸಿಕ್ಕವು. ಮೂವತ್ತೊಂದನೆಯದು ಸಿಗಲಿಲ್ಲ.

ಇಳಿಜಾರಿನ ಮೇಲಿನ ಮೂಲೆಯಲ್ಲಿ ಕಾಡುಹಂದಿ ಮಣ್ಣನ್ನು ಉತ್ತು ಹೋಗಿತ್ತು, ಹಿಂದಿನ ರಾತ್ರಿಯದೇ ಕೆಲಸ. ಅಲ್ಲಿ ಇದ್ದದ್ದೇನು ಅಂತ ಹಂದಿಯೇ ಹೇಳಬೇಕು. ಅವಳು ಆ ಮಣ್ಣನ್ನೆಲ್ಲ ಜರಡಿ ಹಿಡಿದಂತೆ ಜಾಲಾಡಿದಳು. ಉಗುರಿನೊಳಗೆ ಮಣ್ಣು ಸೇರಿದ್ದೇ ಬಂತು.

"ಹಂದಿ ತಿಂದಿದೆ. ವಿಷ ಆಗಿದ್ರೆ ತಿಂತಿತ್ತಾ?" ಅಂದ ವೆಂಡೆಲ್.

ಹಂದಿಯ ಹೊಟ್ಟೆಯನ್ನು ಸಾಕ್ಷಿ ಮಾಡಿಕೊಂಡು ಮೊಮ್ಮಗಳಿಗೆ ಬಡಿಸುತ್ತೀರಾ ಅಂತ ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಅವನಿಗೆ ಒಂದು ದಾರಿ ಮಾಡಿ ಕೊಡೋಣ ಅನ್ನಿಸಿತು. ಅಣಬೆ ಆಯುವವರು ಒಂದೆರಡು ಸೇರಿಸಿ ಹೇಳುವುದುಂಟು ಭಾವ, ಮೂವತ್ತೇ ಇದ್ದಿರಬಹುದು, ಬಾಯಿ ತಪ್ಪಿ ಮೂವತ್ತೊಂದು ಅಂದಿರಬಹುದು ಅಂದಳು. ಮೂವತ್ತೇ ಅಂತ ಅವನು ಪ್ರಾಮಾಣಿಕವಾಗಿ ಹೇಳಿದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಎದ್ದು ನಿಂತು ಮಂಡಿ ಕೊಡವಿಕೊಂಡ.

"ನಾನು ಎಣಿಸಿದ್ದು ತಪ್ಪಲ್ಲ. ಎರಡು ಸಲ ಎಣಿಸಿದ್ದೀನಿ. ಮೂವತ್ತೊಂದು."

ಅವಳು ಒಂದು ಗಳಿಗೆ ಹತ್ತಿರದ ಓಕ್ ಮರಕ್ಕೆ ಹಣೆ ಹಚ್ಚಿ ನಿಂತಳು. ಆಮೇಲೆ ಅವನು ಅವಳ ಕಣ್ಣಿಗೆ ಮತ್ತೆ ಬಟ್ಟೆ ಕಟ್ಟಿದ.

ಮನೆಗೆ ಬರುವಾಗ ಕಿಂಗಾ ಮತ್ತು ಅವಳ ಗಂಡ ಬಂದು ಕೂತಿದ್ದರು. ಸಾರು ಆಗಿತ್ತು, ಪ್ಲಮ್ ಹಣ್ಣಿನ ಸಾರಾಯಿ ಪಾಲಿಂಕಾ ಒಂದೊಂದು ಗುಟುಕು ಆಗಿತ್ತು. ಪಾಪ್ರಿಕಾಶ್ ಪಾತ್ರೆ ಮೇಜಿನ ನಡುವೆ ಬಂತು, ಪಕ್ಕದಲ್ಲಿ ಹಿಟ್ಟಿನ ಉಂಡೆಗಳು ಹಬೆಯಾಡುತ್ತಿದ್ದವು. ವೆಂಡೆಲ್ ಮೂವತ್ತು ಬರಿಗಾಲಿನ ಕಥೆಯನ್ನು ಕೈ ಆಡಿಸಿ ಹೇಳಿದ, ನಾದಿನಿಯ ಕಣ್ಣು ಕಟ್ಟಿದ್ದನ್ನು ಹೇಳುವಾಗ ಕಿಂಗಾಳ ಗಂಡ ನಕ್ಕು ನಕ್ಕು ಕೆಮ್ಮಿದ. ಮೂವತ್ತೊಂದರಲ್ಲಿ ಮೂವತ್ತು ಅಂತ ಗಿಜೆಲ್ಲಾ ಸೇರಿಸಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವೆಂಡೆಲ್ ಬೆಳ್ಳಿ ಚಮಚವನ್ನು ಬೆಳಕಿಗೆ ಹಿಡಿದು ತೋರಿಸಿದ, ಫಳಫಳ ಹೊಳೆಯುತ್ತಿತ್ತು. ನಾನು ನಂಬಿದ್ದು ಸುಳ್ಳಾಗಿಲ್ಲ, ಇವತ್ತು ಪರೀಕ್ಷೆಯೂ ಆಯಿತು ಅಂದ.

ಗಿಜೆಲ್ಲಾಳಿಗೆ ಕೂಗಬೇಕೆನ್ನಿಸಿತು. ಕೂಗಿದರೆ ಇವಳಿಗೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಅವಳು ಮೆಲ್ಲಗೆ ಹೇಳಿದಳು.

"ಸರಿ ಭಾವ. ನಿಮಗೆ ಗೊತ್ತು ಅಂದ್ರಲ್ಲ. ಹಾಗಾದ್ರೆ ಮೊದಲು ಕಿಂಗಾಗೆ ಬಡಿಸಿ."

ಕಿಂಗಾ ತಟ್ಟೆಯನ್ನು ಚಾಚಿದಳು. ಅಜ್ಜನನ್ನು ನೋಡಿ ನಕ್ಕಳು, ಚಿಕ್ಕಂದಿನಿಂದ ಹೇಗೆ ಚಾಚುತ್ತಿದ್ದಳೋ ಹಾಗೆಯೇ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಅವಳ ಮುಖದಲ್ಲಿ ಒಂದು ಎಳೆ ಅನುಮಾನ ಇರಲಿಲ್ಲ. ವೆಂಡೆಲ್ ಸೌಟು ತುಂಬಿದ. ಎತ್ತಿದ. ಸೌಟು ತಟ್ಟೆಯ ಮೇಲೆ ಬಂದು ನಿಂತಿತು. ಕೆಂಪು ಎಣ್ಣೆಯ ಒಂದು ಹನಿ ಮೇಜುಬಟ್ಟೆಯ ಮೇಲೆ ಬಿತ್ತು, ಇನ್ನೊಂದು ಬಿತ್ತು. ಆಮೇಲೆ ಸೌಟು ನಿಧಾನವಾಗಿ ತಿರುಗಿ ಅವನ ತಟ್ಟೆಗೇ ಹೋಯಿತು.

"ಅವಳಿಗೆ ಕೋಳಿ ಹಾಕು ಎತೆಲ್ಕಾ. ಬಸುರಿ ಹೆಂಗಸು, ಖಾರ ಯಾಕೆ," ಅಂದ, ಯಾರ ಮುಖವನ್ನೂ ನೋಡದೆ.

ಆ ಪಾಪ್ರಿಕಾಶ್‌ನಲ್ಲಿ ಖಾರವಿರಲಿಲ್ಲ. ಸಿಹಿ ಮೆಣಸಿನ ಪುಡಿ ಹಾಕಿದವಳು ಎತೆಲ್ಕಾ. ಅವಳು ಗಂಡನ ಕೈಯನ್ನು ನೋಡುತ್ತಿದ್ದಳು. ನಲವತ್ತಾರು ವರ್ಷ ನೋಡಿದ ಕೈ, ಅದು ಯಾಕೆ ನಿಂತಿತು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವೆಂಡೆಲ್ ಫೋರ್ಕ್ ಎತ್ತಿಕೊಳ್ಳುವಷ್ಟರಲ್ಲಿ ಅವಳು ಅವನ ಮುಂದಿನ ತಟ್ಟೆಯನ್ನು ಎಳೆದುಕೊಂಡಳು, ಅದನ್ನು ಪಾತ್ರೆಯೊಳಗೆ ಬಗ್ಗಿಸಿ, ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಸುಣ್ಣ ಸುರಿಯುವ ಕಸದ ಗುಂಡಿಯ ಮುಚ್ಚಳ ತೆರೆದ ಸದ್ದು ಕೇಳಿಸಿತು. ಮತ್ತೆ ಮುಚ್ಚಿದ ಸದ್ದು.

"ಒಳ್ಳೆ ಪದಾರ್ಥ," ಅಂದ ವೆಂಡೆಲ್.

ಇರಬಹುದು. ನೂರಕ್ಕೆ ತೊಂಬತ್ತೊಂಬತ್ತು ಪಾಲು ಅದು ಒಳ್ಳೆಯ ಪದಾರ್ಥವೇ ಅಂತ ಗಿಜೆಲ್ಲಾಳಿಗೂ ಅನ್ನಿಸಿತ್ತು. ಅದೇ ಅವಳ ಸಂಕಟ. ಒಂದು ವೇಳೆ ವಿಷವಾಗಿದ್ದರೆ ಆ ಸುದ್ದಿ ಯಾರಿಗೂ ಗೊತ್ತಾಗುವುದಿಲ್ಲ, ಆಗಿಲ್ಲದಿದ್ದರೆ ಅದೂ ಗೊತ್ತಾಗುವುದಿಲ್ಲ. ಕೋಳಿ ತಿಂದು ಎಲ್ಲರೂ ಎದ್ದರು. ಆ ವಾರವೆಲ್ಲ ವೆಂಡೆಲ್ ಊರು ತುಂಬ ಹೇಳಿಕೊಂಡು ಬಂದ, ತನ್ನ ಹೆಸರಿನ ದಿನ ನಾದಿನಿ ಚಿನ್ನದಂಥ ಊಟವನ್ನು ಗುಂಡಿಗೆ ಹಾಕಿಸಿದಳು ಅಂತ. ಸಾಲಿನಲ್ಲಿ ನಿಂತವರು ಅದನ್ನು ಅವಳಿಗೇ ಹೇಳಿದರು, ಐದು ಅಣಬೆಯ ಕರವಸ್ತ್ರ ಬಿಚ್ಚುತ್ತಾ.

ಅದಾದ ಎರಡನೆಯ ಶನಿವಾರ ಸಾಲಿನ ಕೊನೆಯಲ್ಲಿ ವೆಂಡೆಲ್ ನಿಂತಿದ್ದ. ಅವಳು ತಲೆ ಎತ್ತಲಿಲ್ಲ. ಸರದಿ ಬಂದಾಗ ಅವನು ಬುಟ್ಟಿಯ ಬಟ್ಟೆ ಸರಿಸಿ ಏಳು ಅಣಬೆ ಮೇಜಿನ ಮೇಲಿಟ್ಟ. ಬುಡ ಸಮೇತ, ಮಣ್ಣು ಸಮೇತ, ಸಿಪ್ಪೆ ಸಮೇತ. ಏಳೂ ಚೆನ್ನಾಗಿದ್ದವು. ಚೀಟಿ ಕೊಡು, ಚೀಟಿ ಬರೋವರೆಗೂ ಒಲೆ ಹಚ್ಚಲ್ಲ ಅಂತ ನಿನ್ನ ಅಕ್ಕ ಕೂತಿದ್ದಾಳೆ ಅಂದ. ನಾನೇನೂ ನಿನ್ನ ಮಾತು ಒಪ್ಪಿಲ್ಲ, ಮನೇಲಿ ನೆಮ್ಮದಿ ಬೇಕು ಅದಕ್ಕೆ ಬಂದೆ ಅಂತಲೂ ಅಂದ. ಗಿಜೆಲ್ಲಾ ಚೀಟಿ ಪುಸ್ತಕ ತೆರೆದವಳು ಕೈ ತಡೆದಳು.

"ಉಳಿದದ್ದು?"

"ಮನೇಲಿದೆ. ಅದೇ ಜಾಗದ್ದು."

ಅವಳು ಪೆನ್ನನ್ನು ಪುಸ್ತಕದ ಮೇಲಿಟ್ಟು ಕೈ ಕಟ್ಟಿ ಕೂತಳು. ವೆಂಡೆಲ್ ಗೊಣಗಿದ, ಸೈಕಲ್ ಹತ್ತಿ ಹೋದ. ಮಾರುಕಟ್ಟೆ ಮುಚ್ಚುವ ಗಂಟೆ ಹೊಡೆಯುವಾಗ ಏದುಸಿರು ಬಿಡುತ್ತಾ ಬಂದು ಬುಟ್ಟಿಯನ್ನು ಅವಳ ಮುಂದೆ ಕವುಚಿದ. ಅವಳು ಕೋಟು ಹಾಕಿಕೊಂಡಿದ್ದವಳು ಮತ್ತೆ ತೆಗೆದಳು. ಒಂದೊಂದನ್ನೂ ತಿರುಗಿಸಿದಳು, ಮುರಿದಳು, ಮೂಸಿದಳು. ಮೊದಲಿನ ಏಳೂ ಸೇರಿ ಇಪ್ಪತ್ತಾರು, ಎಲ್ಲ ಬರಿಗಾಲು. ಚೀಟಿ ಬರೆದಳು. ಮೊಹರನ್ನು ಮಸಿಗೆ ಒತ್ತಿದಳು.

"ಇಷ್ಟೇ ತಾನೆ ಭಾವ?"

"ಇಷ್ಟೇ. ನನ್ನ ಮಾತು ನಂಬು."

ಮೊಹರು ಕೈಯಲ್ಲಿ ಹಿಡಿದುಕೊಂಡೇ ಗಿಜೆಲ್ಲಾ ಇನ್ನೊಂದು ಕೈಯಿಂದ ಅಕ್ಕನಿಗೆ ಫೋನು ಮಾಡಿದಳು. ಅಡುಗೆಮನೆಯಲ್ಲಿ ಏನಾದರೂ ಉಳಿದಿದೆಯಾ ನೋಡು ಅಂದಳು. ಎತೆಲ್ಕಾ ಚಪ್ಪಲಿ ಎಳೆದುಕೊಂಡು ಹೋದದ್ದು ಕೇಳಿಸಿತು, ಕಪಾಟು ತೆರೆದದ್ದು ಕೇಳಿಸಿತು. ಬಹಳ ಹೊತ್ತಾಯಿತು. ಆಮೇಲೆ ಅವಳ ದನಿ ಬಂತು, ಕಿಟಕಿ ಕಟ್ಟೆಯ ಮೇಲೆ ಒಂದಿದೆ ಗಿಜಿ, ಟೊಪ್ಪಿ ಮಾತ್ರ, ಬುಡ ಇಲ್ಲ ಅಂತ.

ಗಿಜೆಲ್ಲಾ ವೆಂಡೆಲ್‌ನ ಮುಖ ನೋಡಿದಳು.

"ಅದೊಂದು ತಾನೆ," ಅಂದ ವೆಂಡೆಲ್.

ಅವಳು ಮೊಹರನ್ನು ಒರೆಸಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. ಹೋಗಿ ತನ್ನಿ, ಬುಡ ಸಮೇತ ತನ್ನಿ ಅಂತ ಬಾಗಿಲು ತೋರಿಸಿ, ಮತ್ತೆ ಕುರ್ಚಿಯ ಮೇಲೆ ಕೂತಳು.